ಅಪಾಸ್ ಮರೆತ ಮೂರನೇ ಬದಿ

ಕುರಿ ಈಯುವ ಕಾಲದಲ್ಲಿ ಮೇಲಿನ ಕಣಿವೆಯಿಂದ ಒಬ್ಬನೇ ಸವಾರ ಬೆಳಗಾಗೆದ್ದು ಊರಿಗೆ ಇಳಿದು ಬಂದನೆಂದರೆ ಒಳ್ಳೆಯ ಸುದ್ದಿ ತಂದಿರುವುದಿಲ್ಲ. ನಮ್ಮೂರಿನ ಹೆಂಗಸರಿಗೆಲ್ಲ ಇದು ಗೊತ್ತು. ಹಾಗಾಗಿ ಅಪಾಸ್‌ನ ಕುದುರೆ ಹಿತ್ತಿಲ ಮಣ್ಣುಗೋಡೆ ಬಳಸಿ ಬಂದದ್ದನ್ನು ಕಿಟಕಿಯಲ್ಲಿ ನೋಡಿದಾಗ, ಹಿಟ್ಟು ಲಟ್ಟಿಸುತ್ತಿದ್ದ ಜುಪಾರ್‌ಳ ಕೈ ನಿಂತುಹೋಯಿತು.

ಅವಳು ಆ ಮನೆಗೆ ಸೊಸೆಯಾಗಿ ಬಂದು ಒಂದು ಚಳಿಗಾಲವಷ್ಟೇ ಕಳೆದಿತ್ತು. ಶಾಲೆಯ ಕೊನೆಯ ವರ್ಷ ಮುಗಿಯುವ ಮೊದಲೇ ಮದುವೆ. ಸರ್ಕಾರಿ ಸಾಮೂಹಿಕ ಸಾಕಣೆಕೇಂದ್ರವಾಗಿದ್ದ ಕೊಲ್ಖೋಜು ಮುಚ್ಚಿ ಅದರ ಕುರಿಗಳನ್ನು ಮನೆಮನೆಗೆ ಹಂಚಿದ್ದ ಮರುವರ್ಷ ಅದು. ಅವಳ ಗಂಡ ಮೆದೆರ್ ತನ್ನ ಪಾಲಿಗೆ ಬಂದ ಕುರಿಗಳ ಜೊತೆ ನೆಂಟರಿಷ್ಟರ ಕುರಿಗಳನ್ನೂ ಹೊಡೆದುಕೊಂಡು ಮೇಲಿನ ಕಣಿವೆಯಲ್ಲಿ ಬೀಡುಬಿಟ್ಟಿದ್ದ. ಇನ್ನೂರಕ್ಕೂ ಮೇಲ್ಪಟ್ಟ ಬಸುರಿ ಕುರಿಗಳು, ಒಬ್ಬ ಗಂಡಸು, ಒಂದು ನಾಯಿ. ಮನೆಯಲ್ಲಿ ಉಳಿದವರು ಜುಪಾರ್ ಮತ್ತು ಅವಳ ಅತ್ತೆ ಬುರುಲ್.

ಬುರುಲ್ ಆಗಲೇ ಅಂಗಳಕ್ಕೆ ಇಳಿದಿದ್ದಳು. ಅಪಾಸ್ ಅವಳ ತೀರಿಹೋದ ಗಂಡನ ಚಿಕ್ಕಪ್ಪನ ಮಗ, ಅವಳನ್ನು ಜೆಂಗೆ, ಅಂದರೆ ಅತ್ತಿಗೆ ಎಂದೇ ಕರೆಯುವವನು. ಮೆದೆರ್‌ನ ಬೀಡಿನ ಕೆಳಗಿನ ದಿಬ್ಬದಲ್ಲಿ ಅವನದೂ ಒಂದು ಕುರಿಬೀಡು.

"ಏನ್ ಜೆಂಗೆ, ಚೆನ್ನಾಗಿದೀಯಾ?" ಎಂದು ಅವನು ಜೀನಿನ ಮೇಲಿಂದಲೇ ಶುರುಮಾಡಿದ.

"ಕ್ಷೇಮಸಮಾಚಾರ ಆಮೇಲೆ. ನನ್ ಮಗ ಜೀವಂತ ಇದಾನಾ, ಅದು ಹೇಳು."

"ಇದಾನೆ, ಇದಾನೆ. ಅವನ ಕೂದಲೂ ಕೊಂಕಿಲ್ಲ. ಕುರಿಗೆ ತೋಳ ಬಿದ್ದಿದೆ. ಮೊದಲ್ನೇ ದಿನ ನಾಯೀನ ಮುಗಿಸಿದ್ವು. ಆಮೇಲಿಂದ ದಿನಾ ಬರ್ತಿವೆ. ನಿನ್ನೆ ತಿಂದಿದ್ದು ಕಡಿಮೆ, ಕೊಂದು ಬಿಸಾಕಿದ್ದೇ ಜಾಸ್ತಿ. ಮೆದೆರ್ ನಿದ್ದೆ ಮಾಡಿ ಮೂರು ದಿನ ಆಯ್ತು. ಅವನತ್ರ ಬಂದೂಕಿನ ಮದ್ದು ಬೇರೆ ಖಾಲಿ."

ಬುರುಲ್ ಬಾಯಿಗೆ ಸೆರಗಿನಂತೆ ತಲೆವಸ್ತ್ರದ ತುದಿ ಒತ್ತಿಕೊಂಡಳು. ಬಾಗಿಲಲ್ಲಿ ನಿಂತಿದ್ದ ಜುಪಾರ್‌ಗೆ ಚಹಾಕ್ಕಿಡಲು ಸನ್ನೆ ಮಾಡಿದಳು.

ಒಳಗೆ ಬಂದು ಕೂತು, ಹಾಲು ಬೆರೆಸಿದ ಚಹಾ ಹೀರುತ್ತ ಅಪಾಸ್ ಮೆದೆರ್‌ನ ಮಾತನ್ನು ಒಪ್ಪಿಸಿದ. ಬೇಟೆಗಾರರು ಕಟ್ಟುವಂಥ ಕೆಂಪು ಬಾವುಟದ ಹಗ್ಗ ಬೇಕು. ಮೊಳಕ್ಕೊಂದು ಕೆಂಪು ಬಟ್ಟೆ ಜೋತಾಡುವ ಹಗ್ಗವನ್ನು ಮೊಣಕಾಲೆತ್ತರಕ್ಕೆ ಸುತ್ತ ಕಟ್ಟಿದರೆ ತೋಳ ಅದನ್ನು ದಾಟುವುದಿಲ್ಲ. ಏಕೆಂದು ಯಾರಿಗೂ ಗೊತ್ತಿಲ್ಲ, ಆದರೆ ದಾಟುವುದಿಲ್ಲ. ಒಂದೇ ಷರತ್ತು, ಎಲ್ಲೂ ಸಂದು ಬಿಡಬಾರದು. ಸಂದು ಇದ್ದರೆ ತೋಳ ಅದನ್ನೇ ಹುಡುಕಿ ನುಗ್ಗುತ್ತದೆ. ಒಳಗಿನ ಕುರಿಗಳು ಬಾವುಟಕ್ಕೆ ಬೆದರಿ ಹೊರಗೂ ಓಡವು. ಆಗ ಹಗ್ಗ ಕಟ್ಟದೇ ಇದ್ದುದೇ ಲೇಸು ಅನ್ನಿಸುತ್ತದೆ.

"ಎಲ್ಲಿ ಕಟ್ತಾನಂತೆ?" ಬುರುಲ್ ಕೇಳಿದಳು.

"ಹಳೇ ಕೊಲ್ಖೋಜಿನ ಕುರಿದೊಡ್ಡಿ ಇತ್ತಲ್ಲ, ಅಲ್ಲೇ. ನಾಲ್ಕು ಮೂಲೇಲಿ ನಾಲ್ಕು ಕಬ್ಬಿಣದ ಕಂಬ ಇದ್ವು. ಹಳ್ಳದ ಕಡೆ ಒಂದನ್ನ ಹೋದ ವರ್ಷದ ಪ್ರವಾಹ ಎತ್ಕೊಂಡು ಹೋಗಿದೆ, ನೆಲ ಸಮೇತ. ಉಳಿದಿರೋ ಮೂರಕ್ಕೆ ಕಟ್ತಾನೆ. ಬೇರೆ ಕಡೆ ಗೂಟ ಹೊಡೆಯೋಕೆ ನೆಲ ಇನ್ನೂ ಹೆಪ್ಪುಗಟ್ಟಿ ಕಲ್ಲಾಗಿದೆ. ದೊಡ್ಡಿ ಸಣ್ಣದು ಮಾಡೋಕೂ ಆಗಲ್ಲ, ತುಳಿದಾಡಿ ಮರಿಗಳು ಸಾಯ್ತವೆ."

"ಹಗ್ಗ ಎಷ್ಟುದ್ದ ಬೇಕಂತೆ?"

"ಅದನ್ನೇ ಹೇಳ್ತೀನಿ. ಗುಡ್ಡದ ಕಡೆ ಬದಿ ಇಪ್ಪತ್ತು ಮಾರು. ಉದ್ದನೇ ಬದಿ ಮೂವತ್ತೈದು ಮಾರು. ಈ ಕಂಬದಿಂದ ಆ ಕಂಬಕ್ಕೆ ಅಡ್ಡಡ್ಡ..." ಅಪಾಸ್ ಬಟ್ಟಲನ್ನು ಕೆಳಗಿಟ್ಟ. ಛಾವಣಿ ನೋಡಿದ. ಗಡ್ಡ ಕೆರೆದುಕೊಂಡ.

"ಅಡ್ಡಡ್ಡ?"

"ತಾಳು ಜೆಂಗೆ. ಮೂರು ಸಲ ನನ್ನ ಬಾಯಲ್ಲಿ ಹೇಳಿಸಿದ್ದಾನೆ ಕಣೇ. ಅಡ್ಡಡ್ಡ... ನಲವತ್ತೈದು? ಅಲ್ಲ. ಐವತ್ತೈದು. ಐದು ಅನ್ನೋದು ಎಲ್ಲೋ ಬಂದಿತ್ತು."

"ಐದು ಬಂದಿದ್ದು ಮೂವತ್ತೈದರಲ್ಲಿ, ಪುಣ್ಯಾತ್ಮ! ದಾರೀಲಿ ಯಾರ ಮನೇಲಿ ಇಳ್ಕೊಂಡಿದ್ದೆ? ಬಾಯಿ ವಾಸನೆ ಬರ್ತಿದೆ."

"ಚಳಿಗೆ ಒಂದೇ ಗುಟುಕು, ಅಷ್ಟೇ. ಐವತ್ತೈದು ಅಂತ ಇಟ್ಕೊ ಜೆಂಗೆ. ಜಾಸ್ತಿ ಆದ್ರೆ ಏನು ನಷ್ಟ?"

ನಷ್ಟ ಏನೆಂಬುದು ಆ ಕೋಣೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಆ ವರ್ಷ ಅಂಗಡಿಯಲ್ಲಿ ಉಪ್ಪು ಮತ್ತು ಬೆಂಕಿಪೊಟ್ಟಣ ಬಿಟ್ಟರೆ ಏನೂ ಇರಲಿಲ್ಲ. ಮನೆಯಲ್ಲಿದ್ದ ಹಗ್ಗವೆಲ್ಲ, ಗುಡಾರದ ಕುದುರೆಕೂದಲ ಹಗ್ಗ, ಹುಲ್ಲುಹೊರೆಯ ಹಗ್ಗ ಎಲ್ಲ ಸೇರಿದರೆ ನೂರು ಮಾರು ಆದೀತು. ಮೂರನೇ ಬದಿ ಐವತ್ತೈದಾದರೆ ಬೇಕಾಗುವುದು ಒಟ್ಟು ನೂರಹತ್ತು. ಅಕ್ಕಪಕ್ಕದ ಮನೆಗಳ ಗಂಡಸರೆಲ್ಲ ತಮ್ಮ ತಮ್ಮ ಬೀಡುಗಳಿಗೆ ಹೋಗಿದ್ದರು, ಹಗ್ಗವೂ ಅವರೊಂದಿಗೇ ಹೋಗಿತ್ತು. ಬೇಡುತ್ತ ಹೋದರೆ ಹೊತ್ತು ಹೋಗುತ್ತದೆ. ಹೊತ್ತು ಇರಲಿಲ್ಲ. ಮಧ್ಯಾಹ್ನದ ಬಿಸಿಲಿಗೆ ಮೇಲಿನ ಹಿಮ ಕರಗಿ ಹಳ್ಳ ಏರುತ್ತದೆ. ಆಮೇಲೆ ಕುದುರೆ ದಾಟುವಂತಿಲ್ಲ. ಇವತ್ತು ದಾಟದಿದ್ದರೆ ಇನ್ನೊಂದು ಸಂಜೆ ತೋಳಗಳ ಪಾಲು.

"ಐವತ್ತೈದು ಆಗೋಕೆ ಸಾಧ್ಯ ಇಲ್ಲ," ಎಂದಳು ಜುಪಾರ್.

ಸೊಸೆ ಹಿರಿಯರ ನಡುವೆ ಬಾಯಿ ಹಾಕಿದ್ದು ಅದೇ ಮೊದಲು. ಇಬ್ಬರೂ ತಿರುಗಿ ನೋಡಿದರು. ಅವಳ ಕಿವಿ ಕೆಂಪಾಯಿತು.

"ಇಪ್ಪತ್ತೂ ಮೂವತ್ತೈದೂ ಕೂಡಿದ್ರೇ ಐವತ್ತೈದು. ಎರಡು ಬದಿ ಬಳಸಿ ಹೋದ್ರೂ ಅಷ್ಟೇ, ಅಡ್ಡಡ್ಡ ಹೋದ್ರೂ ಅಷ್ಟೇ ಅಂದ್ರೆ ಹೇಗೆ ಆಬಾ? ಅಡ್ಡದಾರಿ ಚಿಕ್ಕದಿರಬೇಕಲ್ವಾ?" ಅವಳು ಆಬಾ ಎಂದದ್ದು ಅಪಾಸ್‌ನನ್ನು, ಮಾವನ ವಾರಿಗೆಯ ಹಿರಿಯನೆಂದು.

ಬುರುಲ್ ಮೈದುನನ ಕಡೆ ನೋಡಿದಳು. "ಕೇಳಿಸ್ತಾ? ಕುರಿಗೂ ಗೊತ್ತಿರೋ ವಿಷಯ." ಆಮೇಲೆ ಸೊಸೆಯ ಕಡೆ ತಿರುಗಿದಳು. "ಐವತ್ತೈದು ಅಲ್ಲ ಸರಿ. ಎಷ್ಟು ಮತ್ತೆ?"

ಅದು ಜುಪಾರ್‌ಗೆ ಗೊತ್ತಿರಲಿಲ್ಲ. ಗೊತ್ತು ಮಾಡಿಕೊಳ್ಳುವ ದಾರಿ ಇದೆ ಎಂಬುದಷ್ಟೇ ಗೊತ್ತಿತ್ತು. ಶಾಲೆಯ ಹಲಗೆಯ ಮೇಲೆ ಬರೆದಿದ್ದ ಚಿತ್ರ ಕಣ್ಣಿಗೆ ಬರುತ್ತಿತ್ತು, ಪಕ್ಕದ ಅಕ್ಷರಗಳು ಮಸುಕಾಗಿದ್ದವು. ಲೆಕ್ಕದ ಮೇಷ್ಟ್ರನ್ನು ಕೇಳೋಣವೆಂದರೆ ಅವರು ಸಂಬಳ ಬಾರದೆ ಬೇಸತ್ತು, ಶಾಲೆ ಬಿಟ್ಟು, ರಾಜಧಾನಿಯ ಸಂತೆಯಲ್ಲಿ ಕಾಲುಚೀಲ ಮಾರಲು ಹೋಗಿ ಚಳಿಗಾಲವೇ ಕಳೆದಿತ್ತು.

ಅವಳು ಲಟ್ಟಿಸುವ ಹಲಗೆಯ ಮೇಲಿನ ಹಿಟ್ಟನ್ನು ಅಂಗೈಯಿಂದ ಸಮ ಮಾಡಿ ಬೆರಳಿನಿಂದ ಮೂರು ಗೆರೆ ಎಳೆದಳು. "ಈ ಮೂಲೆ ನೆಟ್ಟಗೆ ಇರಬೇಕು. ಮನೆ ಮೂಲೆ ಥರ. ಹಾಗಿದ್ರೆ ಮಾತ್ರ ಲೆಕ್ಕ ಬರುತ್ತೆ. ಅಪಾ, ಆ ದೊಡ್ಡಿಯ ಮೂಲೆ ನೆಟ್ಟಗಿತ್ತಾ?" ಅತ್ತೆಯನ್ನು ಅವಳು ಅಪಾ, ಅಂದರೆ ಅಮ್ಮ, ಎಂದು ಕರೆಯುತ್ತಿದ್ದಳು.

"ನೆಟ್ಟಗಿಲ್ದೆ ಏನು? ಅದನ್ನ ಕಟ್ಟಿಸಿದ್ದು ನಿನ್ನ ಮಾವ. ಒಂದು ಕಂಬ ಸೊಟ್ಟ ಬಂತು ಅಂತ ಅಗೆಸಿ ಎರಡನೇ ಸಲ ನೆಡಿಸಿದ್ದ. ಆಳುಗಳು ಅವನ ಏಳು ತಲೆಮಾರಿಗೂ ಶಾಪ ಹಾಕಿದ್ರು."

"ಹಂಗಾದ್ರೆ ಈ ಎರಡು ಬದೀನ ಅದದರಿಂದಲೇ ಗುಣಿಸಿ, ಕೂಡಿ, ಆಮೇಲೆ... ಯಾವ ಅಂಕೀನ ಅದರಿಂದಲೇ ಗುಣಿಸಿದ್ರೆ ಅಷ್ಟು ಬರುತ್ತೋ ಅದೇ ಅಡ್ಡ ಬದಿ."

ಹೇಳುವಾಗಲೇ ಅವಳಿಗೆ ಅನುಮಾನ. ಕೂಡುವುದೋ, ಕಳೆಯುವುದೋ? ಕಳೆಯುವ ಲೆಕ್ಕವೂ ಒಂದಿತ್ತು. ಪರೀಕ್ಷೆಯಲ್ಲಿ ಅದನ್ನೇ ಅದಲುಬದಲು ಮಾಡಿ ಬರೆದು ಕೆಂಪು ಗೀಟು ಹಾಕಿಸಿಕೊಂಡದ್ದು ಅವಳೇ.

ಅಪಾಸ್ ನಕ್ಕ. "ಮಗೂ, ಇಪ್ಪತ್ತನ್ನ ಇಪ್ಪತ್ತರಿಂದ ಯಾಕೆ ಗುಣಿಸ್ಬೇಕು? ನಾವೇನು ಮಾರೋಕೆ ಹೋಗ್ತಿದೀವಾ?"

"ನೀನು ಸುಮ್ನಿರು. ಮರೆತೋನಿಗೆ ಮಾತಾಡೋ ಹಕ್ಕಿಲ್ಲ," ಎಂದಳು ಬುರುಲ್. ಆದರೆ ಅವಳ ಮುಖದಲ್ಲೂ ನಂಬಿಕೆ ಇರಲಿಲ್ಲ. ಕೆಲಿನ್, ಅಂದರೆ ಸೊಸೆ, ಎಂದು ಕರೆದು ಕೇಳಿದಳು. "ಕೆಲಿನ್, ನಿನ್ನ ಶಾಲೆ ಮೇಲೆ ನನ್ನ ಕುರಿಗಳನ್ನ ಪಣಕ್ಕಿಡಬೇಕು ಅಂತೀಯಲ್ಲ. ಇದು ನಿಜ ಅಂತ ನಂಗೆ ಹೇಗೆ ಗೊತ್ತಾಗುತ್ತೆ?"

ಜುಪಾರ್ ಸುತ್ತ ನೋಡಿದಳು. ಗೋಡೆಗೆ ಒರಗಿಸಿದ್ದ ಮದುವೆಯ ಪೆಟ್ಟಿಗೆ, ಅದರ ಮೇಲೆ ಮಡಿಸಿಟ್ಟ ರಜಾಯಿಗಳು. ರಜಾಯಿಗಳನ್ನು ಕೆಳಗಿಳಿಸಿ ಮುಚ್ಚಳದ ಮೂಲೆಯಿಂದ ಒಂದು ಅಂಚಿನಲ್ಲಿ ಮೂರು ಗೇಣು, ಇನ್ನೊಂದು ಅಂಚಿನಲ್ಲಿ ನಾಲ್ಕು ಗೇಣು ಅಳೆದು ಹಿಟ್ಟಿನ ಗುರುತು ಹಾಕಿದಳು. "ಮೂರು ಮೂರ್ಲೆ ಒಂಬತ್ತು. ನಾಲ್ಕು ನಾಲ್ಕ್ಲೆ ಹದಿನಾರು. ಕೂಡಿದ್ರೆ ಇಪ್ಪತ್ತೈದು. ಐದೈದ್ಲೆ ಇಪ್ಪತ್ತೈದು. ನನ್ನ ಲೆಕ್ಕ ಸರಿ ಇದ್ರೆ ಈ ಗುರುತಿಂದ ಆ ಗುರುತಿಗೆ ಐದು ಗೇಣು ಇರಬೇಕು."

ಅವಳು ಗುರುತಿನಿಂದ ಗುರುತಿಗೆ ಗೇಣಿಟ್ಟಳು. ಒಂದು. ಎರಡು. ಮೂರು. ನಾಲ್ಕು. ಐದನೆಯ ಗೇಣಿನ ಕಿರುಬೆರಳು ಗುರುತಿನ ಮೇಲೇ ಕೂತಿತು.

ಬುರುಲ್ ಅವಳನ್ನು ಪಕ್ಕಕ್ಕೆ ಸರಿಸಿ ತನ್ನದೇ ಗೇಣಿನಲ್ಲಿ ಮೊದಲಿನಿಂದ ಎಲ್ಲವನ್ನೂ ಅಳೆದಳು. ಐದೇ ಬಂತು. ಮುದುಕಿ ಕೈಯ ಹಿಟ್ಟು ಕೊಡವಿ ಎದ್ದಳು. "ಸರಿ, ನಿನ್ನ ಲೆಕ್ಕ ಮಾಡು. ನಾನು ಹಗ್ಗ ಎಳೆದು ಹಾಕ್ತೀನಿ. ಅಪಾಸ್, ಅಟ್ಟ ಹತ್ತು, ಬಟ್ಟೆ ಗಂಟು ಇಳಿಸು."

ಇಪ್ಪತ್ತು ಇಪ್ಪತ್ತಲೆ ನಾನೂರು. ಅದು ಸುಲಭ. ಮೂವತ್ತೈದು ಮೂವತ್ತೈದಲೆ ಹಿಟ್ಟಿನಲ್ಲಿ ಬರೆದು ಗುಣಿಸಿದಾಗ ಸಾವಿರದ ಇಪ್ಪತ್ತೈದು ಬಂತು. ಕೂಡಿದರೆ ಸಾವಿರದ ನಾನೂರ ಇಪ್ಪತ್ತೈದು. ಮೂವತ್ತೆಂಟನ್ನು ಮೂವತ್ತೆಂಟರಿಂದ ಗುಣಿಸಿದರೆ ಅದಕ್ಕಿಂತ ತುಸು ಹೆಚ್ಚು. ಮೂವತ್ತೆಂಟು ಮಾರಿಗೆ ಚೂರು ಕಡಿಮೆ ಎಂದುಕೊಂಡು, ಬಾಯಿ ತೆರೆಯುವ ಮುನ್ನ ಇನ್ನೊಮ್ಮೆ ಗುಣಿಸಿದಳು. ಈ ಸಲ ಮೂವತ್ತೈದು ಮೂವತ್ತೈದಲೆ ಸಾವಿರದ ಇನ್ನೂರ ಇಪ್ಪತ್ತೈದು.

ಎರಡನ್ನೂ ಅಳಿಸಿ ಅವಳು ಮತ್ತೆ ಬರೆಯತೊಡಗಿದಳು.

"ಆಯ್ತಾ?" ಹೊರಗಿಂದ ಬುರುಲ್ ಕೂಗಿದಳು.

"ಒಂದ್ ನಿಮಿಷ ಅಪಾ. ಎರಡು ಥರ ಬರ್ತಿದೆ."

"ಎರಡು ಸಲಕ್ಕೆ ಎರಡು ಉತ್ತರ ಕೊಡೋ ವಿದ್ಯೆನಾ ಇದು? ಅಯ್ಯೋ ನನ್ ಕರ್ಮವೇ!"

ಹಿಟ್ಟಿನ ಮೇಲೆ ಬರೆದು ಅಳಿಸಿ ಬರೆದು, ಎಲ್ಲ ಗೀಚಾಗಿತ್ತು. ಜುಪಾರ್ ಹಲಗೆಯನ್ನು ಪೂರ್ತಿ ಒರೆಸಿಬಿಟ್ಟಳು. ಕಣ್ಣುಮುಚ್ಚಿ ಅಂಕಿಗಳನ್ನು ಒಡೆದಳು. ಮೂವತ್ತೈದನ್ನು ಮೂವತ್ತು ಸಲ ಹಾಕಿದರೆ ಸಾವಿರದ ಐವತ್ತು. ಇನ್ನೂ ಐದು ಸಲ ಹಾಕಿದರೆ ನೂರ ಎಪ್ಪತ್ತೈದು. ಎರಡೂ ಸೇರಿ ಸಾವಿರದ ಇನ್ನೂರ ಇಪ್ಪತ್ತೈದು. ಎರಡನೆಯದೇ ಸರಿ. ಮೊದಲ ಸಲ ಇನ್ನೂರು ಬಿಟ್ಟುಹೋಗಿತ್ತು. ಹಾಗಾದರೆ ಎಲ್ಲ ಸೇರಿ ಸಾವಿರದ ಆರುನೂರ ಇಪ್ಪತ್ತೈದು. ನಲವತ್ತು ನಲವತ್ತಲೆ ಸಾವಿರದ ಆರುನೂರು. ನಲವತ್ತೊಂದು ತೆಗೆದುಕೊಂಡರೆ ಸಾವಿರದ ಆರುನೂರ ಎಂಬತ್ತೊಂದಾಗಿ ಮೀರಿಹೋಗುತ್ತದೆ. ನಲವತ್ತರ ಮೇಲೆ ಒಂದು ಮೊಳ, ಅದಕ್ಕಿಂತ ಸ್ವಲ್ಪ ಹೆಚ್ಚು.

"ನಲವತ್ತು ಮಾರು, ಮೇಲೆ ಒಂದು ಮೊಳ ಚಿಲ್ಲರೆ. ಮೂರೂ ಬದಿ ಸೇರಿ ತೊಂಬತ್ತೈದು ದಾಟುತ್ತೆ. ತೊಂಬತ್ತಾರು ಮಾಡೋಣ," ಎಂದಳು ಬಾಗಿಲಿಗೆ ಬಂದು.

ಅಪಾಸ್ ಮೆಟ್ಟಿಲ ಮೇಲೆ ನಿಂತಲ್ಲೇ ತೊಡೆ ತಟ್ಟಿಕೊಂಡ. "ನಲವತ್ತು! ನಲವತ್ತೂ ಚಿಲ್ಲರೆ ಅಂದಿದ್ದ ಕಣೇ ಜೆಂಗೆ!"

"ಈಗ ಹೇಳು ನೀನು. ಐವತ್ತೈದು ಅಂದಿದ್ರೂ ತೊಡೆ ತಟ್ಕೊಳ್ತಿದ್ದೆ."

ಅದು ನಿಜವೇ ಆಗಿತ್ತು. ಅಪಾಸ್‌ನ ಒಪ್ಪಿಗೆಯಿಂದ ಜುಪಾರ್‌ಗೆ ಧೈರ್ಯವೇನೂ ಬರಲಿಲ್ಲ.

ಮೂವರೂ ಅಂಗಳದಲ್ಲಿ ಕೂತರು. ಕೊಲ್ಖೋಜಿನ ಸಭಾಮಂದಿರ ಖಾಲಿ ಮಾಡಿದಾಗ, ಗೋಡೆಯುದ್ದಕ್ಕೂ ಕಟ್ಟುತ್ತಿದ್ದ ಘೋಷಣೆಯ ಕೆಂಪು ಬಟ್ಟೆಗಳನ್ನು ಬುರುಲ್ ರಜಾಯಿಯ ಒಳಪದರಕ್ಕಾದೀತೆಂದು ತಂದಿಟ್ಟಿದ್ದಳು. ಅಪಾಸ್ ಅದನ್ನು ಚರ್‍ರೆಂದು ಹರಿಯುತ್ತಿದ್ದ. ಬಿಳಿ ಬಣ್ಣದ ದೊಡ್ಡ ಅಕ್ಷರಗಳು ಅರ್ಧರ್ಧವಾಗಿ ಚೂರಾದವು. ಬುರುಲ್ ಹಗ್ಗದ ಹುರಿ ಬಿಡಿಸಿ ಹಿಡಿದರೆ ಜುಪಾರ್ ಚೂರು ತೂರಿಸಿ ಗಂಟು ಬಿಗಿಯುವಳು. ಪ್ರತಿ ಮಾರಿಗೂ ತೋಳೆರಡನ್ನೂ ಚಾಚಿ ಅಳೆಯುವಳು. ಬಿಸಿಲು ಅಂಗಳದ ಅರ್ಧಕ್ಕೆ ಬಂದಿತ್ತು. ದೂರದ ಹಳ್ಳದ ಸದ್ದು ಬೆಳಿಗ್ಗೆಗಿಂತ ದಪ್ಪಗಾದಂತೆ ಅವಳಿಗೆ ಕೇಳುತ್ತಿತ್ತು.

ಅರ್ಧದಷ್ಟು ಕಟ್ಟಿಯಾಗಿತ್ತು. ಜುಪಾರ್ ಇನ್ನೊಂದು ಮಾರಿಗೆಂದು ಕೈ ಚಾಚಿದವಳು ಹಾಗೆಯೇ ನಿಂತುಬಿಟ್ಟಳು.

"ಏನಾಯ್ತು? ತೋಳು ನೋವಾ?"

"ಅಪಾ, ಇದು ನನ್ನ ಮಾರು."

"ನಿಂದಲ್ದೆ ಊರಿನೋರದ್ದಾ?"

"ನಿಮ್ಮ ಮಗ ಅಳೆದಿದ್ದು ಅವರ ತೋಳಲ್ಲಿ."

ಬುರುಲ್‌ಳ ಕೈಯಿಂದ ಹಗ್ಗ ಜಾರಿತು. ಮೆದೆರ್ ಬಾಗಿಲಲ್ಲಿ ತಲೆ ಬಗ್ಗಿಸದೆ ಒಳಬರಲಾಗದಷ್ಟು ಎತ್ತರದ ಆಳು. ಜುಪಾರ್ ಅವನ ಭುಜಕ್ಕೂ ಬರುತ್ತಿರಲಿಲ್ಲ. ಲೆಕ್ಕದ ಬಗ್ಗೆಯೇ ಹೆದರಿ ಹೆದರಿ, ಅಳತೆಯನ್ನೇ ಅವಳು ಮರೆತಿದ್ದಳು.

ಬುರುಲ್ ಒಳಗೆ ಹೋಗಿ ಪೆಟ್ಟಿಗೆ ತೆರೆದು ಮಗನ ಮದುವೆಯ ನಿಲುವಂಗಿ ತಂದಳು. ಅಂಗಳದಲ್ಲಿ ಅದನ್ನು ಅಂಗಾತ ಹಾಸಿ ತೋಳುಗಳೆರಡನ್ನೂ ಚಾಚಿಟ್ಟಳು. "ಇದನ್ನ ಹೊಲಿದೋಳು ನಾನು. ತೋಳು ಅವನ ಮಣಿಕಟ್ಟಿಗೆ ಸರಿಯಾಗಿ ಬರುತ್ತೆ. ಎರಡೂ ಕಡೆ ಒಂದೊಂದು ಅಂಗೈ ಉದ್ದ ಸೇರಿಸು." ಅಳೆದು ನೋಡಿದರು. ಅವನ ಏಳು ಮಾರು ಎಂದರೆ ಜುಪಾರ್‌ಳ ಎಂಟು. ಅವನ ತೊಂಬತ್ತಾರಕ್ಕೆ ಅವಳ ನೂರಹತ್ತು, ಇರುವ ಹಗ್ಗವೆಲ್ಲ ಮುಗಿದರೂ ಇನ್ನೂ ಹತ್ತು ಮಾರು ಬೇಕು. ಬಟ್ಟೆಯೂ ಅಷ್ಟಕ್ಕೇ ಸಾಲದು.

ಜುಪಾರ್ ಅಳು ನುಂಗಿಕೊಂಡಳು. "ನಂದೇ ತಪ್ಪು ಅಪಾ. ಮೊದಲೇ ಹೊಳೀಬೇಕಿತ್ತು."

"ಅಳೋಕೆ ಸಂಜೆ ಇದೆ. ಅಪಾಸ್, ನಿನ್ನ ಜೀನಿಗೆ ಸುತ್ತಿರೋ ಹಗ್ಗ ಬಿಚ್ಚು."

"ಜೆಂಗೆ, ಅದು ಕುದುರೆ ಹಿಡಿಯೋ ಹಗ್ಗ. ನಮ್ಮಪ್ಪಂದು..."

"ನಿಮ್ಮಪ್ಪ ಮರೆಗುಳಿ ಆಗಿರ್ಲಿಲ್ಲ. ಬಿಚ್ಚು."

ಅದರಿಂದ ಆರು ಮಾರು ಸಿಕ್ಕಿತು. ಬಟ್ಟೆ ಒಣಹಾಕುವ ಹಗ್ಗ ಇಳಿಸಿದರು. ಉಳಿದದ್ದಕ್ಕೆ ಬುರುಲ್ ಗುಡಾರದ ಗಂಟಿನಿಂದ, ತಾನೇ ನೇಯ್ದ ಬಣ್ಣದ ಪಟ್ಟಿಯೊಂದನ್ನು ತೆಗೆದುಕೊಟ್ಟಳು. ಬಟ್ಟೆಯ ಮಾತು ಬಂದಾಗ ಅವಳು ತುಸು ಹೊತ್ತು ಹೊಸ್ತಿಲಲ್ಲೇ ನಿಂತಳು. ಬಳಿಕ ಒಳಮನೆಯ ಗೋಡೆಯಿಂದ ಗಂಡನ ಬಾವುಟ ಇಳಿಸಿ ತಂದಳು. ಜಿಲ್ಲೆಯಲ್ಲೇ ಹೆಚ್ಚು ಮರಿ ಉಳಿಸಿದ ಕುರುಬನೆಂದು ಅವನಿಗೆ ಕೊಟ್ಟಿದ್ದ ಕೆಂಪು ಮಖಮಲ್ ಬಾವುಟ, ಅಂಚಿಗೆ ಹಳದಿ ಕುಚ್ಚು.

"ಅಪಾ, ಬೇಡ. ನನ್ನ ಕೆಂಪು ಲಂಗ ಇದೆ..."

"ನಿನ್ನ ಲಂಗಾನೂ ತಾ. ಎರಡೂ ಬೇಕಾಗುತ್ತೆ," ಎಂದು ಬುರುಲ್ ಕತ್ತರಿ ಕೈಗೆತ್ತಿಕೊಂಡಳು. ಮಖಮಲ್ ದಪ್ಪ. ಮೊದಲ ಕೊಯ್ತಕ್ಕೆ ಎರಡೂ ಕೈ ಬೇಕಾದವು. "ಮರಿ ಉಳಿಸಿದ್ದಕ್ಕೆ ತಾನೇ ಕೊಟ್ಟಿದ್ದು," ಎಂದಳು, ಯಾರಿಗೂ ಅಲ್ಲ ಎಂಬಂತೆ.

ಹೊರಡುವಾಗ ಬುರುಲ್ ಸೊಸೆಯನ್ನೂ ಲಾಯದಲ್ಲಿದ್ದ ಮನೆಯ ಕುದುರೆ ಹತ್ತಿಸಿದಳು. "ಅವನು ಒಬ್ಬನೇ ಎಷ್ಟು ಅಂತ ಎಚ್ಚರ ಇರ್ತಾನೆ? ಮದ್ದಿನ ಚೀಲ ತಗೋ, ಇದು ನಿನ್ನ ಮಾವಂದು, ಇನ್ನೂ ಕೆಟ್ಟಿರಲಿಕ್ಕಿಲ್ಲ. ಲೆಕ್ಕ ಮಾಡಿದೋಳು ನೀನೇ ಹೋಗಿ ನಿಂತು ನೋಡು." ಬೈಗುಳವೋ ಹರಕೆಯೋ ಜುಪಾರ್‌ಗೆ ತಿಳಿಯಲಿಲ್ಲ. ಬುರುಲ್ ಅವಳ ಅಂಗಿಯ ಜೇಬಿಗೆ ಒಣಮೊಸರಿನ ಉಂಡೆಗಳನ್ನು ತುರುಕಿ ಕುದುರೆಯ ಬೆನ್ನಿಗೊಂದು ಏಟು ಕೊಟ್ಟಳು.

ಹಳ್ಳ ಆಗಲೇ ಏರಿತ್ತು. ನೀರು ಕಂದಾಗಿ, ಕಲ್ಲು ಉರುಳುವ ಸದ್ದು ತಳದಿಂದ ಕೇಳುತ್ತಿತ್ತು. ಅಪಾಸ್ ಮುಂದೆ ಇಳಿದ. ಜುಪಾರ್ ಹಗ್ಗದ ಎರಡು ಮೂಟೆಗಳನ್ನು ತೊಡೆಗಳ ನಡುವೆ ಅವುಚಿಕೊಂಡು ಹಿಂದೆ ಇಳಿದಳು. ನಡುಹಳ್ಳದಲ್ಲಿ ಕುದುರೆಯ ಹಿಂಗಾಲು ಜಾರಿ ನೀರು ಜೀನಿನವರೆಗೆ ಬಂತು. "ಲಗಾಮು ಸಡಿಲ ಬಿಡು! ಅದಕ್ಕೆ ದಾರಿ ಗೊತ್ತು!" ಎಂದು ಅಪಾಸ್ ಅರಚಿದ. ಅವಳು ಲಗಾಮು ಬಿಟ್ಟಳು, ಮೂಟೆ ಬಿಡಲಿಲ್ಲ. ದಡ ಹತ್ತಿದ ಮೇಲೂ ಬಹಳ ಹೊತ್ತು ಹಲ್ಲು ಕಟಕಟ ಎನ್ನುತ್ತಿದ್ದವು.

ಅಲ್ಲಿಂದ ಮೇಲಿನ ದಾರಿಯುದ್ದಕ್ಕೂ ಅವಳ ತಲೆಯಲ್ಲಿ ಅಂಕಿಗಳೇ. ಮೂವತ್ತು ಸಲಕ್ಕೆ ಸಾವಿರದ ಐವತ್ತು, ಐದು ಸಲಕ್ಕೆ ನೂರ ಎಪ್ಪತ್ತೈದು. ಸರಿ. ಆದರೆ ಪ್ರವಾಹಕ್ಕೆ ನೆಲವೇ ಸರಿದಿದ್ದರೆ? ಉಳಿದ ಕಂಬಗಳೂ ವಾಲಿದ್ದರೆ? ಅಪಾಸ್ ಆ ಮೂವತ್ತೈದನ್ನಾದರೂ ಸರಿಯಾಗಿ ನೆನಪಿಟ್ಟಿದ್ದಾನೆಯೇ? ಕೇಳಲು ಹೋದಳು, ಕೇಳಲಿಲ್ಲ. ಈಗ ಏನು ಉತ್ತರ ಬಂದರೂ ಮಾಡುವುದೇನಿದೆ?

ಬೀಡು ತಲುಪುವಾಗ ಬಿಸಿಲು ಎದುರಿನ ಗುಡ್ಡದ ತುದಿಗೆ ಏರಿತ್ತು. ಮೆದೆರ್ ಕುರಿಗಳನ್ನು ಆಗಲೇ ಕಂಬಗಳ ನಡುವೆ ಸೇರಿಸಿ ಕೋಲು ಹಿಡಿದು ಸುತ್ತುತ್ತಿದ್ದ. ಹೆಂಡತಿಯನ್ನು ನೋಡಿ ಅವನಿಗೆ ಮೊದಲು ನಂಬಿಕೆಯೇ ಬರಲಿಲ್ಲ. ಕಣ್ಣು ಕೆಂಡದಂತೆ, ತುಟಿ ಒಡೆದು ಹೋಗಿ, ಗಡ್ಡದ ತುಂಬ ಧೂಳು.

"ನೀನ್ಯಾಕೆ ಬಂದೆ? ಹಳ್ಳ ಹೇಗೆ ದಾಟಿದೆ?"

"ಆಮೇಲೆ ಹೇಳ್ತೀನಿ. ಮೊದಲು ಕಟ್ಟಿ."

ಗುಡ್ಡದ ಕಡೆಯ ಕಂಬಕ್ಕೆ ಹಗ್ಗದ ತುದಿ ಕಟ್ಟಿ, ಮುಂದಿನ ಎರಡು ಕಂಬಗಳಿಗೆ ಅಪಾಸ್ ಮೂರು ಮೂರು ಸುತ್ತು ಬಿಗಿದ. ಚಿಕ್ಕ ಬದಿ ಮುಗಿಯಿತು. ಉದ್ದ ಬದಿ ಮುಗಿಯಿತು. ಅಡ್ಡ ಬದಿಗೆ ಮೆದೆರ್ ಹಗ್ಗ ಎಳೆದುಕೊಂಡು ನಡೆದ. ಜುಪಾರ್ ಅವನ ಹಿಂದೆಯೇ ಬಾವುಟಗಳ ಸಿಕ್ಕು ಬಿಡಿಸುತ್ತ ಹೋದಳು. ಕಂಬ ಹತ್ತಿರವಾಯಿತು. ಮೆದೆರ್ ನಿಂತ. ಹಗ್ಗ ಮುಗಿದಿತ್ತು. ಅವನ ಕೈಗೂ ಕಂಬಕ್ಕೂ ನಡುವೆ ಒಂದು ಮಾರಿಗಿಂತ ಹೆಚ್ಚೇ ಬಯಲು.

ಕುರಿಯೊಂದು ಕೆಮ್ಮಿತು.

"ಅಡ್ಡ ಬದಿ ಎಷ್ಟು ಅಳೆದಿದ್ರಿ?" ಜುಪಾರ್ ಕೇಳಿದಳು.

"ನಲವತ್ತು ಮಾರು, ಮೇಲೊಂದು ಮೊಳ. ಅಪಾಸ್‌ಗೆ ಮೂರು ಸಲ ಹೇಳಿದ್ನಲ್ಲ. ಅವನು ಹೇಳ್ಲಿಲ್ವಾ?"

ಲೆಕ್ಕ ಸರಿ. ಹಾಗಿದ್ದರೆ ಹಗ್ಗ ಎಲ್ಲಿ ಹೋಯಿತು? ಅವಳು ತಿರುಗಿ ಮೂರು ಬದಿಗಳನ್ನೂ ನೋಡಿದಳು. ತುಂಡು ತುಂಡು ಹಗ್ಗ ಕೂಡಿಸಿದ ಗಂಟುಗಳು, ಒಂದೊಂದೂ ಮುಷ್ಟಿಯಷ್ಟು ದಪ್ಪ. ಎರಡು ಕಂಬಗಳಿಗೆ ಅಪಾಸ್ ಸುತ್ತಿದ್ದ ಮೂರು ಮೂರು ಸುತ್ತು. ಕಂಬ ಮನುಷ್ಯನ ತೊಡೆಯಷ್ಟಿತ್ತು.

"ಕಂಬ ತಿಂದಿದೆ," ಎಂದಳು. "ಆಬಾ! ಸುತ್ತು ಬಿಚ್ಚಿ, ಒಂದೊಂದೇ ಸುತ್ತು ಸಾಕು! ಬೇಗ!"

ಅಪಾಸ್ ಮುದುಕನಂತೆ ಗೊಣಗಿದ, ಆದರೆ ಓಡಿದ. ಅವನು ಒಂದು ಕಂಬ, ಜುಪಾರ್ ಇನ್ನೊಂದು. ಒದ್ದೆಯಾದ ಗಂಟು ಬಿಚ್ಚಲು ಬಾರದೆ ಅವಳು ಹಲ್ಲಿನಿಂದ ಕಚ್ಚಿ ಎಳೆದಳು. ಸುತ್ತು ಬಿಚ್ಚಿ, ಸಡಿಲವನ್ನು ಬದಿಯುದ್ದಕ್ಕೂ ಎಳೆದು ತರುವಷ್ಟರಲ್ಲಿ ಗುಡ್ಡದ ತುದಿಯ ಬಿಸಿಲೂ ಆರಿತ್ತು. ಮೆದೆರ್ ಎರಡೂ ಪಾದ ನೆಲಕ್ಕೊತ್ತಿ ಜಗ್ಗಿದ. ಹಗ್ಗದ ತುದಿ ಕಂಬವನ್ನು ಮುಟ್ಟಿತು, ಬಳಸಿತು, ಗಂಟಿಗೆ ನಾಲ್ಕು ಬೆರಳು ಉಳಿಯಿತು.

ಅಪಾಸ್ ತನ್ನ ಕುರಿಗಳ ಕಡೆಗೆ ಇಳಿದು ಹೋದ. ಇವರಿಬ್ಬರೂ ಕುರಿಗಳ ನಡುವೆ ನಿಂತರು, ಮೆದೆರ್ ಬಂದೂಕಿಗೆ ಮದ್ದು ತುಂಬಿಕೊಂಡು.

ಅವು ಬರುವುದು ತಡವಾಗಲಿಲ್ಲ. ಸಂಜೆಯ ಬೂದುಬೆಳಕಿನಲ್ಲಿ ಹಳ್ಳದ ಕಡೆಯಿಂದ ಒಂದು, ಅದರ ಹಿಂದೆ ಎರಡು, ಆಮೇಲೆ ಇನ್ನೂ ಎರಡು. ಮುಂದಿನದು ನೇರವಾಗಿ ಅಡ್ಡ ಬದಿಯತ್ತ ನಡೆದು ಬಂದು ಬಾವುಟಗಳಿಂದ ಹತ್ತು ಹೆಜ್ಜೆ ದೂರದಲ್ಲಿ ನಿಂತಿತು. ಕುರಿಗಳು ಒಂದನ್ನೊಂದು ಒತ್ತಿಕೊಂಡು ಒಂದೇ ಮೈಯಾದವು. ಗಾಳಿಗೆ ಬಾವುಟಗಳು ಪಟಪಟ ಎಂದಾಗ ತೋಳ ಹಿಂದಕ್ಕೆ ಸರಿಯಿತು. ಆಮೇಲೆ ಹಗ್ಗದ ಗುಂಟ ನಡೆಯತೊಡಗಿತು, ಕಂಬದ ಕಡೆಗೆ, ತಲೆ ತಗ್ಗಿಸಿ, ಏನನ್ನೋ ಹುಡುಕುವಂತೆ.

ಆಗ ಗಾಳಿ ನಿಂತಿತು. ಬಾವುಟಗಳು ಸತ್ತಂತೆ ಜೋತುಬಿದ್ದವು. ಜುಪಾರ್ ಗಂಡನ ತೋಳು ಹಿಡಿದಳು. ತೋಳ ಕಂಬದ ಬಳಿ ಬಂದು, ಗಂಟಿನ ಹತ್ತಿರ ಮೂಗು ಚಾಚಿತು. ಅಲ್ಲಿ ಜೋತಾಡುತ್ತಿದ್ದುದು ಮಖಮಲ್ಲಿನ ಚೂರು. ತೋಳ ಅದನ್ನು ಬಹಳ ಹೊತ್ತು ನೋಡಿತು. ಮತ್ತೆ ಹಿಂದಿರುಗಿ ಬಂದ ದಾರಿಯಲ್ಲೇ ಇನ್ನೊಂದು ತುದಿಯವರೆಗೆ ಹೋಯಿತು. ಉಳಿದವು ಕೂತು ಅದನ್ನೇ ನೋಡುತ್ತಿದ್ದವು. ಮೆದೆರ್ ಬಂದೂಕು ಎತ್ತಿ ಒಂದು ಗುಂಡು ಹಾರಿಸಿದ. ತಾಗಲಿಲ್ಲ, ಆದರೆ ಐದೂ ಎದ್ದು ಹಳ್ಳದ ಕಡೆ ಕರಗಿಹೋದವು.

ಆ ರಾತ್ರಿ ಅವು ಊಳಿಡುವುದು ದೂರದಿಂದ ಕೇಳುತ್ತಲೇ ಇತ್ತು. ಬೆಳಗಿನ ಜಾವ ಇನ್ನೊಮ್ಮೆ ಸುತ್ತು ಹಾಕಿ ಹೋದವೆಂಬುದು ಹಿಮದ ಮೇಲಿನ ಹೆಜ್ಜೆಗಳಿಂದ ತಿಳಿಯಿತು. ಹೆಜ್ಜೆಗಳು ಹಗ್ಗದ ಮೂರೂ ಬದಿಗೆ ಮೂರು ಗೆರೆ ಎಳೆದಂತೆ ಇದ್ದವು. ಒಳಗೆ ಒಂದೂ ಇರಲಿಲ್ಲ. ವಾರದೊಳಗೆ ಬೇಟೆಗಾರರು ಬಂದು ಎರಡು ತೋಳ ಹೊಡೆದರು, ಉಳಿದವು ಬೇರೆ ಕಣಿವೆಗೆ ಹೋದವು. ಆ ವಸಂತದಲ್ಲಿ ಅವರ ಮನೆಗೆ ಕುರಿಯ ನಷ್ಟ ಕಡಿಮೆಯೇನಲ್ಲ, ಆದರೆ ಹಗ್ಗ ಕಟ್ಟಿದ ಮೇಲೆ ಒಂದೂ ಹೋಗಲಿಲ್ಲ.

ಆ ಮೊದಲ ಬೆಳಿಗ್ಗೆ ಮೆದೆರ್ ಚಹಾ ಕುಡಿಯುತ್ತ ಹೆಂಡತಿಯನ್ನು ಕೇಳಿದ. "ಅಪಾಸ್ ಮರೆತೇಬಿಟ್ಟ ಅಂತೀಯ. ಮತ್ತೆ ನಲವತ್ತು ಅಂತ ನಿಂಗೆ ಹೇಗೆ ಗೊತ್ತಾಯ್ತು?"

ಜುಪಾರ್ ಕಡ್ಡಿಯೊಂದನ್ನು ತೆಗೆದುಕೊಂಡು ಹಿಮದ ಮೇಲೆ ಮೂರು ಗೆರೆ ಎಳೆದಳು. "ನೋಡಿ, ಈ ಮೂಲೆ ನೆಟ್ಟಗಿದೆ ಅಂತ ಇಟ್ಕೊಳ್ಳಿ. ಇಪ್ಪತ್ತು ಇಪ್ಪತ್ತಲೆ ನಾನೂರು. ಇನ್ನು ಮೂವತ್ತೈದು ಮೂವತ್ತೈದಲೆ..."

ತಲೆಯೆತ್ತಿ ನೋಡಿದರೆ ಮೆದೆರ್ ಬಟ್ಟಲು ಹಿಡಿದ ಕೈ ಹಿಡಿದಂತೆಯೇ ಕೂತಲ್ಲಿ ನಿದ್ದೆಹೋಗಿದ್ದ. ಅವಳು ಬಟ್ಟಲನ್ನು ಮೆಲ್ಲಗೆ ಬಿಡಿಸಿಕೊಂಡು, ಅವನ ಮೇಲೆ ಕಂಬಳಿ ಹೊದಿಸಿ, ಬಂದೂಕನ್ನು ಹೆಗಲಿಗೇರಿಸಿಕೊಂಡು, ಇಬ್ಬನಿಗೆ ಸುರುಳಿಗಟ್ಟಿದ ಬಾವುಟಗಳನ್ನು ಒಂದೊಂದಾಗಿ ಬಿಡಿಸುತ್ತ ಹಗ್ಗದ ಗುಂಟ ನಡೆದ‌ಳು.